ಬೆನ್ನು ನೋಡದ ಊರು

ನಮ್ಮೂರಿನಲ್ಲಿ ಏನನ್ನಾದರೂ ಕೇಳಬೇಕು ಅಂದರೆ ಬಾಯಿ ಬಿಟ್ಟು ಕೇಳಿದರೆ ಆಗುವುದಿಲ್ಲ. ಮೊದಲು ತಂಬಿಗೆ ಬೆಳಗಬೇಕು. ಬಾವಿಯಲ್ಲಿ ನೀರು ಸೇದಬೇಕು. ತಂಬಿಗೆಯ ಬಾಯಿಯವರೆಗೆ, ಇನ್ನೊಂದು ಹನಿ ಬಿದ್ದರೆ ಹೊರಗೆ ಹರಿದೀತು ಅನ್ನುವಷ್ಟು ತುಂಬಬೇಕು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದವರ ಮನೆಯ ಹೊರಗಿರುವ ಉದ್ದ ಮೆಟ್ಟಿಲು ಹತ್ತಿ, ಮೇಲಿನ ಹಜಾರದಲ್ಲಿ ಕೂತಿರುವ ಹಿರಿಯ ವೈದ್ಯರ ಮುಂದೆ ಇಡಬೇಕು. ಹನಿ ಚೆಲ್ಲಿದ್ದರೆ ಪ್ರಶ್ನೆ ಇಲ್ಲ. ದಾರಿಯಲ್ಲಿ ಎಲ್ಲಾದರೂ ಕೆಳಗಿಟ್ಟಿದ್ದರೆ ಪ್ರಶ್ನೆ ಇಲ್ಲ. ತುಂಬಿದ್ದು ತುಂಬಿದ ಹಾಗೇ ಬಂದರೆ ಮಾತ್ರ ವೈದ್ಯರು ತಲೆ ಎತ್ತಿ, ಏನು ಸಮಾಚಾರ ಅಂತ ಕೇಳುತ್ತಾರೆ.

ಈ ನೇಮ ಯಾರು ಮಾಡಿದರೋ ಗೊತ್ತಿಲ್ಲ. ಕೈ ನಡುಗದವರ ಮಾತಿಗೇ ತೂಕ ಅಂದುಕೊಂಡ ಯಾರೋ ಪುಣ್ಯಾತ್ಮರು ಇರಬೇಕು. ಕೈ ಖಾಲಿ ಇರುವವರಿಗೆ ಅದರಿಂದ ಒಂದು ದಿನವೂ ತೊಂದರೆ ಆಗಲಿಲ್ಲ. ಹಜಾರದ ಪರದೆ ಹಸಿರಿರಲೋ ನೀಲಿ ಇರಲೋ ಅಂತ ಕೇಳಲು ತಂಬಿಗೆ ಹೋಯಿತು. ಬಾಗಿಲ ಗಂಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಕೋ ಬೂದಿ ಹಾಕಿ ತಿಕ್ಕಬೇಕೋ ಅಂತ ಕೇಳಲು ಹೋಯಿತು. ಎಲ್ಲದಕ್ಕೂ ಉತ್ತರ ಬಂತು. ಪರದೆ ಬದಲಾಯಿತು, ಗಂಟೆ ಹೊಳೆಯಿತು. ನಾನು ಆ ಮನೆಯ ಎದುರಿಗೇ ಇರುವವಳು, ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡಿ ನೋಡಿ ಸಾಕಾಗಿದೆ. ಮಲಗಿದವರ ಮೈ ಮುಟ್ಟಿ ನೋಡಿಕೊಳ್ಳುವವರ ತಂಬಿಗೆ ಮಾತ್ರ ಮೇಲೆ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಅವರನ್ನು ನಾವು ಅಕ್ಕಂದಿರು ಅನ್ನುತ್ತೇವೆ. ಮಲಗಿದವರ ಮನೆ ಅಂದರೆ ಖಾಯಿಲೆ ಬಿದ್ದು ಏಳಲಾಗದವರನ್ನು ಊರು ತಂದು ಮಲಗಿಸುವ ಮನೆ. ಅವರಿಗೆ ಗಂಜಿ ಕುಡಿಸುವುದು, ಮೈ ಒರೆಸುವುದು, ಹೇಲು ಉಚ್ಚೆ ಬಳಿಯುವುದು, ಹೆದರಿದರೆ ಕೈ ಹಿಡಿದು ಕೂರುವುದು ಎಲ್ಲಾ ಅಕ್ಕಂದಿರದ್ದು. ಅವರಿಗೂ ಒಂದು ನೇಮ ಉಂಟು: ಯಾರಾದರೂ ಕರೆದರೆ, ನರಳಿದರೆ, ಕೈಯಲ್ಲಿ ಏನಿದ್ದರೂ ಇಟ್ಟು ಓಡಬೇಕು. ಅಲ್ಲ ಸ್ವಾಮಿ, ಆ ಮನೆಯಲ್ಲಿ ಯಾರೂ ನರಳದ ಗಳಿಗೆ ಇರುತ್ತದೆಯೇ? ಹಾಗಾಗಿ ಮೆಟ್ಟಿಲ ನಡುವಿನ ಒಂದು ಕಲ್ಲು ದುಂಡಗೆ ಸವೆದುಹೋಗಿದೆ. ಅದು ಅಕ್ಕಂದಿರು ತಂಬಿಗೆ ಕೆಳಗಿಟ್ಟು ಇಳಿದು ಓಡಿದ ಜಾಗ.

ಆ ಮನೆಗೆ ಒಂದೇ ಬಾಗಿಲು, ಬೀದಿಯ ಕಡೆಗೆ. ಮಲಗಿದವರೆಲ್ಲ ಅಂಗಾತ ಮಲಗಿ, ತಲೆಗೆ ಎತ್ತರದ ದಿಂಬು ಇಟ್ಟುಕೊಂಡು, ಬಾಗಿಲನ್ನೇ ನೋಡುತ್ತಿರಬೇಕು. ಗೋಡೆಗೆ ಮುಖ ಮಾಡಿದವರನ್ನು ಗೋಡೆ ಕರೆದುಕೊಳ್ಳುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಯಾವ ಕಾಲದಲ್ಲೋ ಯಾರೋ ಗೋಡೆಯ ಕಡೆ ತಿರುಗಿ ಪ್ರಾಣ ಬಿಟ್ಟಿದ್ದರಂತೆ. ಸಾಯುವವರು ಹೇಗೆ ತಿರುಗಿದ್ದರೂ ಸಾಯುತ್ತಿದ್ದರು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ನೋಡಲು ಬಂದ ನೆಂಟರು ಬಾಗಿಲಲ್ಲೇ ನಿಂತು, ಮುಖ ನೋಡಿ, ಪರವಾಗಿಲ್ಲ ಗೆಲುವಾಗಿದ್ದಾರೆ ಅಂದು ಹೋಗುತ್ತಾರೆ. ಹಿರಿಯ ವೈದ್ಯರೂ ಬೆಳಿಗ್ಗೆ ಇಳಿದು ಬಂದು ಮುಖ ನೋಡುತ್ತಾರೆ, ನಾಲಿಗೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. ಬೆನ್ನು ನೋಡುವವರು ಅಕ್ಕಂದಿರು ಮಾತ್ರ.

ಬೆನ್ನಿನಲ್ಲಿ ಕೆಂಪು ಏಳುತ್ತದೆ. ಸೊಂಟದ ಕೆಳಗೆ, ಮೂಳೆ ಹಾಸಿಗೆಗೆ ಒತ್ತುವ ಕಡೆ ಮೊದಲು ಕಾಣುತ್ತದೆ. ಕಂಡ ಕೂಡಲೇ ಎಣ್ಣೆ ಬಿಸಿ ಮಾಡಿ, ಕೈಯನ್ನು ಮೈಯಡಿಗೆ ತೂರಿಸಿ, ಅದೇ ಜಾಗವನ್ನು ಅಂಗೈಯಿಂದ ಬಲವಾಗಿ ತಿಕ್ಕಬೇಕು. ತಿಕ್ಕುವಾಗ ಹಾಡಲು ಒಂದು ಹಾಡು ಇದೆ, ಹಾಡು ಮುಗಿದರೆ ಮತ್ತೆ ಮೊದಲಿಂದ. ಕೈ ಸೋಲುವ ತನಕ ತಿಕ್ಕುವವಳು ಒಳ್ಳೆಯ ಅಕ್ಕ, ಬೇಗ ಬಿಟ್ಟವಳು ಸೋಮಾರಿ. ಕೆಂಪು ಕಪ್ಪಾಗಿ, ಕಪ್ಪು ಒಡೆದು, ಒಡೆದ ಹುಣ್ಣಿನಲ್ಲಿ ಮೂಳೆ ಕಂಡರೆ, ತಿಕ್ಕಿದ್ದು ಸಾಲಲಿಲ್ಲ ಅಂತ ಇನ್ನಷ್ಟು ತಿಕ್ಕುತ್ತಾರೆ. ತಿಕ್ಕಿದ್ದೇ ಹೆಚ್ಚಾಯಿತೇನೋ ಅಂತ ಒಬ್ಬರೂ ಅನ್ನಲಿಲ್ಲ.

ಇಂಥ ಮನೆಗೆ ಹೊಸ ಅಕ್ಕ ಬಂದಳು. ನಮ್ಮೂರ ಹುಡುಗಿಯೇ. ಹೊಳೆ ದಾಟಿ, ಆಚೆ ದಡದ ಮನೆಯಲ್ಲಿ ಆರೈಕೆ ಕಲಿತು ಬಂದವಳು. ಆ ದಡದವರದ್ದು ಬೇರೆಯದೇ ರೀತಿ. ಅವರು ಒಂದು ಸಾಲಿನವರನ್ನು ಅಂಗಾತ ಮಲಗಿಸಿ ತಿಕ್ಕಿದರಂತೆ, ಇನ್ನೊಂದು ಸಾಲಿನವರನ್ನು ತಿಕ್ಕದೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದರಂತೆ. ಆಮೇಲೆ ಎರಡೂ ಸಾಲಿನವರ ಬೆನ್ನು ನೋಡಿದರಂತೆ. ಒಂದು ಸಲ ನೋಡಿ ಸುಮ್ಮನಾಗದೆ, ಮತ್ತೆ ಮತ್ತೆ ಹೊಸಬರನ್ನು ಮಲಗಿಸಿ ನೋಡಿದರಂತೆ. ತಿಕ್ಕಿದ ಬೆನ್ನು ಒಡೆಯಿತು, ಹೊರಳಿಸಿದ ಬೆನ್ನು ಉಳಿಯಿತು. ಅಷ್ಟೇ ವಿಷಯ. ಹೊಸ ಅಕ್ಕ ಅದನ್ನು ಕಣ್ಣಾರೆ ಕಂಡು ಬಂದಿದ್ದಳು, ಕಂಡದ್ದನ್ನು ಹೇಳಿದರೆ ಸಾಕು ಅಂದುಕೊಂಡಿದ್ದಳು. ಪಾಪ.

ಮೊದಲು ಜೊತೆಯವರಿಗೆ ಹೇಳಿದಳು. ಅವರೇನು ಕೆಟ್ಟವರಲ್ಲ. ಒಬ್ಬಳು ಆಚೆ ದಡದವರ ಬೆನ್ನು ಬೇರೆ, ನಮ್ಮವರ ಬೆನ್ನು ಬೇರೆ ಅಂದಳು. ಇನ್ನೊಬ್ಬಳು, ಹೊರಳಿಸಲು ಒಬ್ಬಳ ಕೈ ಸಾಲದು, ಇಬ್ಬರು ಬೇಕು, ಆ ಇನ್ನೊಬ್ಬಳನ್ನು ಎಲ್ಲಿಂದ ತರೋಣ, ನಿನ್ನ ಹೊಳೆಯಿಂದಲೇ ಅಂತ ನಕ್ಕಳು. ಮತ್ತೊಬ್ಬಳಿಗೆ ನಿಜವಾಗಿಯೂ ಬೇಜಾರಾಯಿತು. ಇಷ್ಟು ವರ್ಷ ನಾನು ಕೈ ಬೊಕ್ಕೆ ಎದ್ದರೂ ಬಿಡದೆ ತಿಕ್ಕಿದ್ದು ಸೇವೆಯಲ್ಲದೆ ಮತ್ತೇನು ಅಂತ ಕೇಳಿದಳು. ಅದಕ್ಕೆ ಹೊಸ ಅಕ್ಕನ ಹತ್ತಿರ ಉತ್ತರ ಇತ್ತು, ಆದರೆ ಅವಳ ಮುಖ ನೋಡಿ ಹೇಳಲಾಗಲಿಲ್ಲ. ಮಲಗಿದವರಿಗೆ ನೀರು ಕೊಡುವ ನೀರಕ್ಕ ಒಬ್ಬಳು ಮಾತ್ರ, ನೀನು ಹೇಳುವುದು ಸರಿ ಇದ್ದರೂ ಇರಬಹುದು ಅಂದಳು. ಅಂದು, ಯಾರೋ ಕರೆದರು ಅಂತ ಓಡಿದಳು.

ಆ ಹೊತ್ತಿಗೆ ಬುಟ್ಟಿಯವ್ವನನ್ನು ತಂದು ಮಲಗಿಸಿದರು. ಬುಟ್ಟಿ ಹೆಣೆಯುವ ಹೆಂಗಸು, ಬಿದಿರು ಕಡಿಯಲು ಹೋಗಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ವೈದ್ಯರು ಕಟ್ಟು ಕಟ್ಟಿದರು, ಅದೇನೂ ಸಾಮಾನ್ಯದ ಕೈಯಲ್ಲ, ಮೂಳೆ ಚೆನ್ನಾಗಿಯೇ ಕೂಡುತ್ತಾ ಬಂತು. ಬಾಯಿ ತುಂಬ ಮಾತು ಅವಳಿಗೆ. ಅಕ್ಕಂದಿರನ್ನೆಲ್ಲ ಗೇಲಿ ಮಾಡುವಳು. ಒಬ್ಬಳೇ ಮಗಳು, ಇನ್ನೂ ಮದುವೆಯಾಗದ ಹುಡುಗಿ, ದಿನಾ ಸಂಜೆ ಬಂದು ಬಾಗಿಲಲ್ಲಿ ನಿಂತು ಅವ್ವನ ಮುಖ ನೋಡಿ ಹೋಗುವಳು. ಅವಳಿಗೆ ಬುಟ್ಟಿಯ ತಳ ಹಾಕಲು ಬರುತ್ತಿತ್ತು, ಅಂಚು ಕಟ್ಟಲು ಬರುತ್ತಿರಲಿಲ್ಲ. ಎದ್ದು ಬಂದ ಮೇಲೆ ಕಲಿಸುತ್ತೇನೆ ಬಿಡು ಅಂತ ತಾಯಿ ಮಲಗಿದಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಎದ್ದು ಹೋಗುವ ಜೀವವೇ ಅದು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಒಂದು ಬೆಳಿಗ್ಗೆ ಮೈ ಒರೆಸುವಾಗ ಹೊಸ ಅಕ್ಕ ಕೆಂಪು ಕಂಡಳು. ಸೊಂಟದ ಕೆಳಗೆ, ಒಂದು ವೀಳ್ಯದೆಲೆಯಷ್ಟು. ಬೆರಳಿಂದ ಒತ್ತಿ ನೋಡಿದಳು, ಒತ್ತಿದರೂ ಬಿಳುಪಾಗಲಿಲ್ಲ. ಆಚೆ ದಡದಲ್ಲಿ ಕಲಿತದ್ದು ಅದೇ: ಒತ್ತಿದರೂ ಬಿಳುಪಾಗದ ಕೆಂಪು ಒಳಗೊಳಗೇ ಕೊಳೆಯಲು ಶುರುವಾದ ಕೆಂಪು. ಈಗ ಹೊರಳಿಸಿದರೆ ಬುಟ್ಟಿಯವ್ವ ಮನೆಗೆ ಹೋಗುತ್ತಾಳೆ. ಹೊರಳಿಸದಿದ್ದರೆ ಇಲ್ಲ. ಕೂಡಿಕೊಂಡ ಮೂಳೆಯನ್ನು ಕಟ್ಟಿಕೊಂಡು ಆಮೇಲೆ ಏನು ಮಾಡುವುದು?

ಅವಳು ದೊಡ್ಡಕ್ಕನ ಹತ್ತಿರ ಹೋದಳು. ದೊಡ್ಡಕ್ಕ ಅಂದರೆ ಎಲ್ಲ ಅಕ್ಕಂದಿರಿಗೂ ಹಿರಿಯಳು, ಎಣ್ಣೆ ಬಟ್ಟಲು ಅವಳ ಕೈಯಲ್ಲಿ. ಅವಳಷ್ಟು ಪ್ರೀತಿಯಿಂದ ತಿಕ್ಕುವವರು ಆ ಮನೆಯಲ್ಲಿ ಹುಟ್ಟಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಒಂದು ಹಳೆಯ ಸಂಗತಿ ಹೇಳಿದಳು. ಅವಳು ಚಿಕ್ಕವಳಿದ್ದಾಗ ಒಬ್ಬ ಮುದುಕ ನಿದ್ದೆಯಲ್ಲೇ ಹೊರಳಿ ಹೊರಳಿ ಮಗ್ಗುಲಾಗುತ್ತಿದ್ದನಂತೆ, ಅವನಿಗೆ ಕೆಂಪು ಬಂದದ್ದೇ ಇಲ್ಲವಂತೆ. ಅದನ್ನು ಕೇಳಲು ತಂಬಿಗೆ ಎತ್ತಿದ್ದಳಂತೆ. ಯಾರೋ ಕರೆದರು, ಇಟ್ಟು ಇಳಿದಳು. ಮತ್ತೆ ಎತ್ತಿದಳು, ಮತ್ತೆ ಕರೆದರು. ಆಮೇಲೆ ಎತ್ತಲಿಲ್ಲ.

"ನೀನು ಹೇಳೋದು ಸುಳ್ಳು ಅಂತ ನಾನು ಹೇಳ್ತಿಲ್ಲ ಕಣೇ," ಅಂದಳು ದೊಡ್ಡಕ್ಕ. "ಮೇಲಿಂದ ಮಾತು ಬರದೆ ಹೊರಳಿಸಿದೆವು ಅಂತಿಟ್ಕೋ. ಅವಳು ಸತ್ತರೆ, ಯಾತರಿಂದ ಸತ್ತರೂ, ಹೊರಳಿಸಿದ್ದಕ್ಕೇ ಸತ್ತಳು ಅಂತಾರೆ. ತಿಕ್ಕಿ ಸತ್ತರೆ ಯಾರೂ ಏನೂ ಅನ್ನಲ್ಲ."

ಹೊಸ ಅಕ್ಕ ತಂಬಿಗೆ ಬೆಳಗಿದಳು. ನೀರು ಸೇದಿದಳು, ತುಂಬಿದಳು, ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದಳು. ನಡುವೆ ಬಂದಾಗ ಒಳಗಿಂದ ಒಬ್ಬರು ನೀರು ಅಂದರು. ಇಟ್ಟಳು, ಇಳಿದಳು. ಮತ್ತೆ ಬೆಳಗಿದಳು, ಸೇದಿದಳು, ತುಂಬಿದಳು, ಹತ್ತಿದಳು. ಒಬ್ಬರಿಗೆ ವಾಂತಿ ಬಂತು. ಇಟ್ಟಳು, ಇಳಿದಳು. ಮತ್ತೊಂದು ದಿನ ಬೆಳಗಿದಳು, ಸೇದಿದಳು, ತುಂಬಿದಳು, ಹತ್ತಿದಳು. ಒಬ್ಬ ಅಜ್ಜ ತನ್ನ ಹೆಂಡತಿಯ ಹೆಸರು ಹಿಡಿದು ಕೂಗಿದ, ಹೆಂಡತಿ ಎಂದೋ ಹೋದವಳು. ಇಟ್ಟಳು, ಇಳಿದಳು, ಅವನ ಕೈ ಹಿಡಿದು ಕೂತಳು. ಅವನು ಕೂಗಿದ್ದು ತಪ್ಪೇ? ಇವಳು ಇಳಿದದ್ದು ತಪ್ಪೇ? ನನಗಂತೂ ಆ ಮೆಟ್ಟಿಲಿನ ಮೇಲೆ ಸಿಟ್ಟು ಬರುತ್ತದೆ, ಮೆಟ್ಟಿಲಿಗೆ ಬೈದು ಏನು ಮಾಡಲಿ.

ನೀರಕ್ಕ ಇದನ್ನು ನೋಡಲಾರದೆ, ಕೊಡು ನಾನು ಒಯ್ಯುತ್ತೇನೆ ಅಂದಳು. ಅವಳ ಪುಣ್ಯಕ್ಕೆ ಆ ಹೊತ್ತು ಯಾರೂ ಕರೆಯಲಿಲ್ಲ. ಹನಿ ಚೆಲ್ಲದೆ ಮೇಲೆ ಮುಟ್ಟಿಸಿದಳು. ನಾನು ಜಗಲಿಯಿಂದ ಎದ್ದು ನಿಂತು ನೋಡಿದೆ. ಆದರೆ ವೈದ್ಯರು ಕೇಳುವುದನ್ನೆಲ್ಲ ಕೇಳಿದರು. ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು, ಮೂಳೆ ಮುರಿದವರನ್ನು ಹೇಗೆ, ಆಚೆ ದಡದವರು ಇನ್ನೊಂದು ಸಾಲಿನವರಿಗೆ ಊಟ ಬೇರೆ ಕೊಟ್ಟಿದ್ದರೋ ಅದೇ ಕೊಟ್ಟಿದ್ದರೋ. ತಪ್ಪು ಪ್ರಶ್ನೆಗಳಲ್ಲ ಅವು. ನೀರಕ್ಕನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಅವಳು ಸೆರಗಿನ ತುದಿ ಸುರುಳಿ ಸುತ್ತುತ್ತಾ ನಿಂತಳು. ಗೊತ್ತಿರುವವಳನ್ನೇ ಕಳಿಸಮ್ಮ ಅಂತ ಅವರು ಮೃದುವಾಗಿಯೇ ಹೇಳಿದರು. ಇಳಿದು ಬಂದವಳು ಆಮೇಲೆ ಆ ಮಾತೇ ಎತ್ತಲಿಲ್ಲ.

ಇದರ ನಡುವೆ ಒಂದು ಬೆಳಿಗ್ಗೆ ವೈದ್ಯರು ನಾಡಿ ನೋಡಲು ಇಳಿದು ಬಂದಾಗ ಹೊಸ ಅಕ್ಕ ತಡೆಯಲಾರದೆ ಅಲ್ಲೇ ಬಾಯಿ ಬಿಟ್ಟಳು. ಬುಟ್ಟಿಯವ್ವನ ಬೆನ್ನು ಒಮ್ಮೆ ನೋಡಿ ಅಂದಳು. ಅವರು ಒಳ್ಳೆಯವರು, ಅದನ್ನು ಹೇಳಲೇಬೇಕು. ಗದರಲಿಲ್ಲ. ಬುಟ್ಟಿಯವ್ವನ ಮುಖ ನೋಡಿದರು, ಅವಳು ನಕ್ಕಳು, ಅವರೂ ನಕ್ಕರು. ವಿಷಯ ಚೆನ್ನಾಗಿದೆ ಕಣಮ್ಮ, ಬಿಡಬೇಡ, ತಂಬಿಗೆ ತಗೊಂಡು ಮೇಲೆ ಬಾ, ಕೂತು ಕೇಳುತ್ತೇನೆ ಅಂದರು. ತಂಬಿಗೆ ಇಲ್ಲದೆ ಕೇಳಿದ ಮಾತನ್ನು ಅವರು ಕೇಳಿಸಿಕೊಂಡರೂ ಕೇಳಿಸಿಕೊಂಡ ಹಾಗಲ್ಲ. ಆ ನೇಮಕ್ಕೆ ಅವರೂ ಕಟ್ಟುಬಿದ್ದವರೇ.

ಕೆಂಪು ಕಡುಕೆಂಪಾಯಿತು. ದೊಡ್ಡಕ್ಕ ದಿನಾ ಬಂದು ತಿಕ್ಕಿದಳು. ಹಾಡು ಹೇಳಿದಳು. ಬುಟ್ಟಿಯವ್ವ ಹಲ್ಲು ಕಚ್ಚಿ, ನಿನ್ನ ಕೈಯೋ ಒರಳುಕಲ್ಲೋ ಅಂತ ತಮಾಷೆ ಮಾಡಿದಳು.

ಒಂದು ಮಧ್ಯಾಹ್ನ, ಊರು ಉಂಡು ಅಡ್ಡಾಗಿದ್ದ ಹೊತ್ತು, ಹೊಸ ಅಕ್ಕ ಯಾರನ್ನೂ ಕೇಳಲಿಲ್ಲ. ನೀರಕ್ಕನನ್ನು ಕಣ್ಣಲ್ಲೇ ಕರೆದಳು. ಇಬ್ಬರೂ ಸೇರಿ ಮುರಿದ ಕಾಲಿಗೆ ದಿಂಬು ಕೊಟ್ಟು, ಭುಜದ ಹಿಂದೆ ಇನ್ನೊಂದು ದಿಂಬು ಒತ್ತಿ, ಬುಟ್ಟಿಯವ್ವನನ್ನು ಮೆಲ್ಲಗೆ ಎಡಮಗ್ಗುಲಿಗೆ ಹೊರಳಿಸಿದರು. ಗೋಡೆಯ ಕಡೆಗೆ. ಅವಳು ಮೊದಲು ಹೆದರಿದಳು. ಆಮೇಲೆ ಬಿಗಿ ಹಿಡಿದಿದ್ದ ಉಸಿರು ಬಿಟ್ಟಳು.

"ಅಯ್ಯೋ ನನ್ನವ್ವ, ಬೆನ್ನಿಗೆ ಗಾಳಿ ತಾಗ್ತಲ್ಲೇ," ಅಂದಳು. "ಇದನ್ನ ಮೊದಲೇ ಮಾಡೋಕೆ ನಿಮಗೇನು ಬಂದಿತ್ತು?"

ಅವಳು ನಿದ್ದೆ ಹೋದಳು. ಆ ಮನೆಗೆ ಬಂದ ಮೇಲೆ ಅಷ್ಟು ಚೆನ್ನಾಗಿ ಅವಳು ಮಲಗಿದ್ದೇ ಇಲ್ಲವಂತೆ. ಮರುದಿನವೂ ಆ ಹೊತ್ತಿಗೆ ಹೊರಳಿಸಿದರು, ಅದರ ಮರುದಿನವೂ. ಸಂಜೆಯಾಗುವುದರೊಳಗೆ ಮತ್ತೆ ಬಾಗಿಲ ಕಡೆ ತಿರುಗಿಸಿಬಿಡುತ್ತಿದ್ದರು. ದೊಡ್ಡಕ್ಕ ತಿಕ್ಕಲು ಬಂದರೆ ಹೊಸ ಅಕ್ಕ ಈಗ ತಾನೇ ತಿಕ್ಕಿದೆ ಅನ್ನುತ್ತಿದ್ದಳು. ದೊಡ್ಡಕ್ಕನಿಗೆ ಅದು ಸುಳ್ಳು ಅಂತ ಗೊತ್ತಾಗದೆ ಇದ್ದೀತೇ? ಗೊತ್ತಿದ್ದೂ ಬಟ್ಟಲು ತೆಗೆದುಕೊಂಡು ಮುಂದಿನ ಹಾಸಿಗೆಗೆ ಹೋದಳು. ಕಡುಕೆಂಪು ತಿಳಿಯಾಗುತ್ತಾ ಬಂತು. ಒತ್ತಿದರೆ ಬಿಳುಪಾಗಿ ಮತ್ತೆ ಬಣ್ಣ ಬಂತು. ಹೊಸ ಅಕ್ಕ ಬಾವಿಯ ಹತ್ತಿರ ಬಂದು ಸುಮ್ಮಸುಮ್ಮನೆ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೊಂದು ದಿನ ಮಗಳು ಸಂಜೆಗೆ ಮೊದಲೇ ಬಂದಳು. ಅಂಚು ಕಟ್ಟುವುದನ್ನು ತಾನೇ ಹೇಗೋ ಕಲಿತು ಒಂದು ಪುಟ್ಟ ಬುಟ್ಟಿ ಮುಗಿಸಿದ್ದಳು, ಅವ್ವನಿಗೆ ತೋರಿಸುವ ಆತುರ. ಬಾಗಿಲಲ್ಲಿ ನಿಂತರೆ ಎಲ್ಲರ ಮುಖ ಕಾಣಿಸುತ್ತಿದೆ, ಅವ್ವನ ಮುಖ ಇಲ್ಲ. ಅವ್ವ ಗೋಡೆಗೆ ತಿರುಗಿದ್ದಾಳೆ. ಆ ಹುಡುಗಿಯ ಎದೆ ಒಡೆಯಿತು. ಅವ್ವನನ್ನ ಗೋಡೆಗೆ ಕೊಟ್ಟುಬಿಟ್ಟರು ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಮಲಗಿದ್ದ ಊರು ಎದ್ದು ಬಂತು. ಬುಟ್ಟಿಯವ್ವ ಎಚ್ಚರಾಗಿ, ನಾನು ಚೆನ್ನಾಗಿದ್ದೀನಿ, ನನಗೆ ಇದೇ ಹಾಯಾಗಿದೆ ಅಂತ ಗೋಡೆಯ ಕಡೆಯಿಂದ ಹೇಳುತ್ತಲೇ ಇದ್ದಳು. ಗೋಡೆಯೇ ಅವಳ ಬಾಯಲ್ಲಿ ಮಾತಾಡಿಸುತ್ತಿದೆ ಅಂದರು ಜನ. ಏನು ಜನವೋ ನಾವು.

ದೊಡ್ಡಕ್ಕ ಬಂದಳು. ಹೊಸ ಅಕ್ಕನ ಮುಖ ನೋಡಲಿಲ್ಲ. ಬುಟ್ಟಿಯವ್ವನನ್ನು ತನ್ನ ಕೈಯಾರೆ ಹಿಡಿದು ಬಾಗಿಲ ಕಡೆ ತಿರುಗಿಸಿ ಅಂಗಾತ ಮಲಗಿಸಿದಳು. ಊರೆಲ್ಲ ನೋಡುತ್ತಿದ್ದ ಹಾಗೇ ಎಣ್ಣೆ ಬಿಸಿ ಮಾಡಿಸಿದಳು, ಕೈ ತೂರಿಸಿ ತಿಕ್ಕಿದಳು. ಆ ದಿನದ ಹಾಡು ಬೀದಿಯ ತುದಿಗೂ ಕೇಳಿಸಿತು. ಮಗಳು ಸಮಾಧಾನವಾಗಿ ಕಣ್ಣೊರೆಸಿಕೊಂಡಳು. ದೊಡ್ಡಕ್ಕನ ಕಣ್ಣಲ್ಲೂ ನೀರಿತ್ತು, ಅದು ಭಕ್ತಿಗೆ ಬಂದದ್ದು ಅಂತ ಜನ ತಿಳಿದರು.

ಹೊಸ ಅಕ್ಕನನ್ನು ಮನೆಯಿಂದ ಓಡಿಸಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಹಾಕಿದರು. ಮಲಗಿದವರನ್ನು ಮುಟ್ಟಬಾರದು, ಅವರ ಬಟ್ಟೆ ಮಾತ್ರ ಮುಟ್ಟಬೇಕು. ಅವಳಿಗೆ ಒಳಗಿನ ಸುದ್ದಿ ಯಾರೂ ಹೇಳುವಂತಿರಲಿಲ್ಲ. ನೀರಕ್ಕ ಎದುರಾದರೂ ತಲೆ ತಗ್ಗಿಸಿ ಹೋಗುವಳು. ಆದರೆ ಬಟ್ಟೆಯ ಬಾಯಿ ಯಾರು ಮುಚ್ಚುತ್ತಾರೆ? ಬುಟ್ಟಿಯವ್ವನ ಹಾಸಿಗೆಯ ಬಟ್ಟೆಯಲ್ಲಿ ಮೊದಲು ಎಣ್ಣೆಯ ಕಲೆ ಬಂತು. ಆಮೇಲೆ ನೀರಿನಂಥದ್ದು ಬಂತು. ಆಮೇಲೆ ರಕ್ತ ಬಂತು, ಆಮೇಲೆ ವಾಸನೆ. ಒಗೆಯುವ ಕಲ್ಲಿನ ಮುಂದೆ ಕೂತು ಅವಳಿಗೆ ಎಲ್ಲಾ ತಿಳಿಯುತ್ತಿತ್ತು, ಹುಣ್ಣು ಎಷ್ಟು ಆಳಕ್ಕೆ ಇಳಿಯಿತು ಅನ್ನುವುದು ಕೂಡ.

ಅಲ್ಲಿ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಹಿತ್ತಲಿನಲ್ಲಿ ಅವಳನ್ನು ಯಾರೂ ಕರೆಯುವುದಿಲ್ಲ. ಬಟ್ಟೆ ನರಳುವುದಿಲ್ಲ. ಕೈ ಖಾಲಿಯಾಗಿದೆ. ಮಲಗಿದವರ ಹತ್ತಿರ ಇದ್ದಷ್ಟು ದಿನ ಮೇಲೆ ಮುಟ್ಟಲಾಗಲಿಲ್ಲ, ಅವರಿಂದ ದೂರ ಮಾಡಿದ ಮೇಲೆ ಮೆಟ್ಟಿಲು ಸಲೀಸಾಯಿತು.

ಬೆಳಗಿದಳು. ಸೇದಿದಳು. ತುಂಬಿದಳು. ಹತ್ತಿದಳು. ಆ ಸವೆದ ಕಲ್ಲನ್ನು ದಾಟಿ ಹೋಗುವಾಗ ಅವಳ ಕಾಲು ತಡವರಿಸಿತು, ಆದರೂ ನೀರು ಅಲುಗಲಿಲ್ಲ. ಒಂದು ಹನಿಯೂ ಚೆಲ್ಲದೆ ಹಜಾರ ಸೇರಿದಳು. ವೈದ್ಯರು ತಲೆ ಎತ್ತಿದರು. ಅವರು ಕೇಳಿದ್ದಕ್ಕೆಲ್ಲ ಅವಳ ಹತ್ತಿರ ಉತ್ತರ ಇತ್ತು. ಎಷ್ಟು ಹೊತ್ತಿಗೆ, ಹೇಗೆ, ಊಟ ಒಂದೇ ಇತ್ತೋ, ಹೊರಳಿಸುವ ಕೈ ಎಷ್ಟು ಬೇಕು, ಎಲ್ಲವನ್ನೂ ಹೇಳಿದಳು. ಅವರು ಬಹಳ ಹೊತ್ತು ಕೇಳಿದರು, ಆಸೆಯಿಂದಲೇ ಕೇಳಿದರು. ಇಷ್ಟು ಒಳ್ಳೆಯ ಮಾತನ್ನು ಇಷ್ಟು ದಿನ ಯಾಕೆ ತರಲಿಲ್ಲ ಅಂತ ಅವಳನ್ನೇ ಕೇಳಿದರು.

ಅವರು ಒಪ್ಪಿದರು. ಇನ್ನು ಮೇಲೆ ಈ ಮನೆಯಲ್ಲಿ ತಿಕ್ಕುವುದು ಬೇಡ, ಎಲ್ಲರನ್ನೂ ಹೊರಳಿಸಿ ಅಂದರು. ಮೇಲಿನ ಒಪ್ಪಿಗೆಗೂ ನಮ್ಮಲ್ಲಿ ಒಂದು ಪದ್ಧತಿ ಇದೆ. ಕೇಳಿ ಬಂದವಳು ಮೆಟ್ಟಿಲ ಬುಡದಲ್ಲಿ ನಿಂತು ಅದನ್ನು ತನ್ನ ಬಾಯಿಂದಲೇ, ಎಲ್ಲರಿಗೂ ಕೇಳುವಂತೆ ಸಾರಬೇಕು. ಹೀಗೆ ಮಾಡಿದರೆ ಬದುಕುತ್ತಾರೆ ಅಂತ ಅವಳೇ ಹೇಳಬೇಕು. ಅದಕ್ಕೆ ಮೊದಲು ಅವಳ ಬಾಯಲ್ಲಿ ತದ್ವಿರುದ್ಧದ ಮಾತು ಬಂದರೆ ಒಪ್ಪಿಗೆ ಬಿದ್ದುಹೋಯಿತು. ವೈದ್ಯರು ಕೇಳಿಸಿಕೊಳ್ಳಲೆಂದು ಎದ್ದು ಹಜಾರದ ಅಂಚಿನ ಕಟಕಟೆಯ ಹತ್ತಿರ ಬಂದು ನಿಂತರು.

ಅವಳು ಇಳಿದಳು. ಬಾಯಲ್ಲಿ ಆ ಮಾತು ಸಿದ್ಧವಾಗಿತ್ತು. ಬುಟ್ಟಿಯವ್ವ ಈಗಲೂ ಉಳಿಯಬಹುದು, ಉಳಿಯದಿದ್ದರೂ ಮುಂದಿನವರು ಉಳಿಯುತ್ತಾರೆ ಅಂತ ಅಂದುಕೊಳ್ಳುತ್ತಾ ಇಳಿದಳಂತೆ.

ಕೆಳಗೆ ಅಂಗಳದಲ್ಲಿ ಜನ ಸೇರಿದ್ದರು. ಅವಳು ಮೇಲೆ ಉತ್ತರ ಹೇಳುತ್ತಿದ್ದ ಹೊತ್ತಿನಲ್ಲೇ ಬುಟ್ಟಿಯವ್ವ ಹೋಗಿದ್ದಳು. ಹುಣ್ಣಿನ ನಂಜು ಮೈಗೆಲ್ಲ ಏರಿ, ಜ್ವರ ಬಂದು, ಬಾಗಿಲನ್ನೇ ನೋಡುತ್ತಾ ಹೋಗಿದ್ದಳು. ಹೆಂಗಸರು ಹೆಣಕ್ಕೆ ನೀರು ಹಾಕಲು ಮೆಟ್ಟಿಲ ಬುಡದಲ್ಲೇ ಹಲಗೆ ಇಟ್ಟಿದ್ದರು. ನೀರು ಹಾಕುವಾಗ ಮಗ್ಗುಲಿಗೆ ತಿರುಗಿಸಲೇಬೇಕಲ್ಲ. ತಿರುಗಿಸಿದರು. ಆ ಹುಡುಗಿ ಮೊದಲ ಸಲ ಅವ್ವನ ಬರಿ ಬೆನ್ನು ನೋಡಿದಳು. ಅಲ್ಲಿ ಅವಳ ಮುಷ್ಟಿ ಹಿಡಿಯುವಷ್ಟು ತೂತು, ಒಳಗೆ ಬೆಳ್ಳಗೆ ಮೂಳೆ. ಅವಳು ಅಳಲಿಲ್ಲ. ಅಲ್ಲಿ ನಿಂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು, ದೊಡ್ಡಕ್ಕನ ಮುಖ ನೋಡಿದಳು, ಆಮೇಲೆ ತಲೆ ಎತ್ತಿ ಮೆಟ್ಟಿಲಿಳಿಯುತ್ತಿದ್ದ ಹೊಸ ಅಕ್ಕನನ್ನು ನೋಡಿದಳು.

"ಅಕ್ಕಾ, ಅವತ್ತು ನಾನು ಕೂಗದೆ ಸುಮ್ನೆ ಹೋಗಿದ್ರೆ ಅವ್ವ ಬದುಕ್ತಿದ್ದಳಾ?"

ಮೇಲೆ ಕಟಕಟೆಯಲ್ಲಿ ವೈದ್ಯರು ಕಾದು ನಿಂತಿದ್ದರು. ಹೊಸ ಅಕ್ಕ ಕೊನೆಯ ಮೆಟ್ಟಿಲಲ್ಲಿ ನಿಂತಳು. ಹೌದು ಅಂದರೆ ಸಾಕಿತ್ತು. ಆ ಒಂದು ಮಾತಿಗೆ ಆ ಮನೆಯಲ್ಲಿ ಮಲಗಿದವರೆಲ್ಲ, ಇನ್ನು ಮಲಗಲಿರುವವರೆಲ್ಲ ಉಳಿಯುತ್ತಿದ್ದರು. ಆದರೆ ಆ ಮಾತು ಹೋಗಿ ಬೀಳಬೇಕಾದದ್ದು ಆ ಹುಡುಗಿಯ ಮೇಲೆ. ನಿನ್ನ ಅವ್ವನನ್ನು ಕೊಂದವಳು ನೀನೇ ಅಂತ ಊರ ಮುಂದೆ ಹೇಳಿದ ಹಾಗೆ. ಒದ್ದೆ ಕೈಯಲ್ಲಿ ಅವ್ವನ ಭುಜ ಹಿಡಿದುಕೊಂಡು ಕೂತಿದ್ದಳು ಅವಳು. ಯಾರಾದರೂ ನರಳಿದರೆ ಕೈಯಲ್ಲಿದ್ದದ್ದನ್ನು ಇಟ್ಟು ಓಡಿಯೇ ಅಭ್ಯಾಸ ಅಕ್ಕಂದಿರಿಗೆ.

"ಇಲ್ಲಮ್ಮ," ಅಂದಳು ಹೊಸ ಅಕ್ಕ. "ಹೊರಳಿಸಿದ್ರೂ ಇಷ್ಟೇ ಆಗ್ತಿತ್ತು. ನಿನ್ನದೇನೂ ತಪ್ಪಿಲ್ಲ."

ಆಗ ಹುಡುಗಿ ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು, ಹೊಸ ಅಕ್ಕ ಇಳಿದು ಬಂದು ಅವಳನ್ನು ತಬ್ಬಿಕೊಂಡಳು. ಮೇಲೆ ವೈದ್ಯರು, ಹಾಗಾದರೆ ನನ್ನನ್ನು ಕೇಳಿದ್ದು ಯಾಕೆ ಅನ್ನುವ ಮುಖ ಮಾಡಿಕೊಂಡು ಒಳಗೆ ಹೋದರು. ಅವರು ಇನ್ನೊಂದು ಸಲ ಆ ವಿಷಯಕ್ಕೆ ತಲೆ ಎತ್ತುವವರಲ್ಲ. ದೊಡ್ಡಕ್ಕ ಹೊಸ ಅಕ್ಕನ ಹತ್ತಿರ ಬಂದಳು, ಏನೋ ಹೇಳಲು ಬಾಯಿ ತೆರೆದಳು. ಒಳಗಿಂದ ಯಾರೋ ಕರೆದರು, ಹೋದಳು.

ಊರಿಗೆ ಅಷ್ಟೇ ಸಾಕಾಯಿತು. ಆಚೆ ದಡದಲ್ಲಿ ಕಲಿತು ಬಂದವಳೇ ಹೇಳಿದ್ದಾಳೆ, ಹೊರಳಿಸಿದರೆ ಪ್ರಯೋಜನ ಇಲ್ಲ ಅಂತ. ಮೇಲೆ ಹೋಗಿ ಕೇಳಿಕೊಂಡು ಬಂದೇ ಹೇಳಿದ್ದಾಳೆ. ಇನ್ನೇನು ಬೇಕು? ಬುದ್ಧಿ ಬಂತು ಅಂತ ಹೊಸ ಅಕ್ಕನನ್ನು ಹಿತ್ತಲಿಂದ ಮತ್ತೆ ಒಳಗೆ ಕರೆದುಕೊಂಡರು. ಅವಳು ಈಗ ಎಲ್ಲರ ಹಾಗೆ ಗಂಜಿ ಕುಡಿಸುತ್ತಾಳೆ, ಮೈ ಒರೆಸುತ್ತಾಳೆ. ಕೆಂಪು ಕಂಡರೆ ಎಣ್ಣೆ ಬಟ್ಟಲನ್ನು ಪಕ್ಕದವಳಿಗೆ ದಾಟಿಸುತ್ತಾಳೆ. ಹಾಡು ಶುರುವಾದರೆ ಹೊರಗೆ ಬಂದು ಬಾವಿಕಟ್ಟೆಗೆ ಒರಗಿ ನಿಲ್ಲುತ್ತಾಳೆ. ಒಂದು ಸಲ ನಾನೇ ಕೇಳಿದೆ, ನಿಜ ಹೇಳಿಬಿಡಬಾರದೇನೇ ಅಂತ. ಆ ಹುಡುಗಿ ಈ ಊರಲ್ಲೇ ಇದ್ದಾಳಲ್ಲಾ ಅಂದಳು.

ಇದ್ದಾಳೆ. ಬುಟ್ಟಿ ಹೆಣೆದು ಮಾರುತ್ತಾಳೆ. ಸಂಜೆ ಮಲಗಿದವರ ಮನೆಯ ಬಾಗಿಲಿಗೆ ಬಂದು, ಬೆನ್ನು ಒಡೆಯಿತು ಅಂತ ಅಳುವ ನೆಂಟರ ಪಕ್ಕ ಕೂತು ಸಮಾಧಾನ ಹೇಳುತ್ತಾಳೆ. ಯಾರ ತಪ್ಪೂ ಇಲ್ಲ, ಏನು ಮಾಡಿದ್ದರೂ ಇಷ್ಟೇ ಆಗುತ್ತಿತ್ತು, ನನಗೆ ಆ ಅಕ್ಕನೇ ಹೇಳಿದ್ದಾಳೆ ಅನ್ನುತ್ತಾಳೆ. ಹೇಳುವಾಗ ಅವಳ ಮುಖದಲ್ಲಿ ಎಷ್ಟು ನೆಮ್ಮದಿ ಇರುತ್ತದೆ. ಹೊಸ ಅಕ್ಕ ಒಳಗಿಂದ ಅದನ್ನು ಕೇಳಿಸಿಕೊಳ್ಳುತ್ತಾಳೆ. ಹುಡುಗಿ ಬದುಕಿರುವವರೆಗೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಆ ಹುಡುಗಿಗೆ ಇನ್ನೂ ಚಿಕ್ಕ ವಯಸ್ಸು.